ಮಣ್ಣು, ಬಂಡೆ, ರೇಷ್ಮೆ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಮನೆ ಕಟ್ಟುವ ವಿದ್ಯೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಹಳೆಯ ಮನೆಗೆ ಕೆಂಪು ಮಣ್ಣಿನ ಗೋಡೆ. ತಳಪಾಯ, ಹೊಸ್ತಿಲು, ಜಗಲಿಯ ಕಂಬ ಕಲ್ಲಿನವು. ಕೆಲವೆಡೆ ಚಾವಣಿಯೂ ಕಲ್ಲಿನದೇ. ರೇಷ್ಮೆ ಬಂದ ಮೇಲೆ ಅದೇ ಮನೆಯ ನಡುವೆ ಹುಳುವಿಗೂ ಜಾಗವಾಯಿತು. ಇಂಥ ಮನೆಯನ್ನು ಯೋಚಿಸಿದವರು, ಕಟ್ಟಿದವರು, ಅದರಲ್ಲಿ ಬಾಳಿದವರು ಒಂದೇ ಊರಿನವರು, ಎಷ್ಟೋ ಸಲ ಒಂದೇ ಮನೆಯವರು. ನಕ್ಷೆ ಬರೆದುಕೊಡುವ ವಾಸ್ತುಶಿಲ್ಪಿಯ ವೃತ್ತಿ ಈ ಕಡೆಗೆ ಬಂದದ್ದು ತೀರ ಈಚೆಗೆ. ದೇಶದಲ್ಲಿ ಆ ವೃತ್ತಿಗೆ ಕಾನೂನಿನ ಚೌಕಟ್ಟು ಸಿಕ್ಕಿದ್ದೇ 1972ರ ವಾಸ್ತುಶಿಲ್ಪಿಗಳ ಕಾಯ್ದೆಯಿಂದ. ಅದಕ್ಕೂ ಮೊದಲು ಕಟ್ಟುವ ಅರಿವು ಮೇಸ್ತ್ರಿಯ ಕೈಯಲ್ಲಿ, ಮನೆಯವರ ಬೇಕು-ಬೇಡಗಳಲ್ಲಿ ಇತ್ತು. ಕಟ್ಟುವುದು, ಪರೀಕ್ಷಿಸಿ ನೋಡುವುದು, ಇನ್ನೊಬ್ಬರಿಗೆ ಕಲಿಸುವುದು ಆಗ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಅವು ಬೇರೆಯಾದ ಬಗೆ, ಮತ್ತೆ ಒಂದಾಗಲು ನಡೆದ ಪ್ರಯತ್ನ, ಎರಡೂ ಈ ಸೀಮೆಯ ಚರಿತ್ರೆಗೆ ಸೇರಿದವು.

2007ರವರೆಗೆ ಈ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದವು. ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. 1,478 ಮೀಟರ್ ಎತ್ತರದ ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿಗಳು ಹುಟ್ಟುತ್ತವೆ. ಹುಟ್ಟಿದ ಊರಿನಲ್ಲಿ ಅವು ಬರಿಯ ಹಳ್ಳಗಳು. ಜನ ಬದುಕಿದ್ದು ಕೆರೆಗಳನ್ನು ನಂಬಿ. ಮಳೆ ಕಡಿಮೆಯಾದ್ದರಿಂದ ಇಳಿಜಾರು ಚಾವಣಿ ಇಲ್ಲಿ ಅನಿವಾರ್ಯವಾಗಿರಲಿಲ್ಲ. ದೊಡ್ಡ ಮರ ವಿರಳವಾದ್ದರಿಂದ ಉದ್ದನೆಯ ತೊಲೆ ದುಬಾರಿ. ಬಂಡೆಗೂ ಕೆಂಪು ಮಣ್ಣಿಗೂ ಮಾತ್ರ ಬರ ಇರಲಿಲ್ಲ. ಮಲೆನಾಡಿನ ಮನೆಗೂ ಬಯಲುಸೀಮೆಯ ಈ ಮನೆಗೂ ಇರುವ ಅಂತರವೆಲ್ಲ ಇಲ್ಲಿಂದಲೇ ಹುಟ್ಟಿತು.

ಕಲ್ಲಿನ ಕೆಲಸದ ಹಳೆಯ ಸಾಕ್ಷಿ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ. ಒಂಬತ್ತನೆಯ ಶತಮಾನದ ಆರಂಭದ ಶಾಸನಗಳಲ್ಲೇ ಅದರ ಪ್ರಸ್ತಾಪವಿದೆ. ಬಾಣ ವಂಶದ ರಾಣಿ ರತ್ನಾವಳಿಯ ಹೆಸರು ಅದರೊಂದಿಗೆ ಸೇರಿಕೊಂಡಿದೆ. ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಅದಕ್ಕೆ ಕೈಹಚ್ಚಿದರು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಎಂಬ ಮೂರು ಗುಡಿಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ. ಶಿಲ್ಪಕ್ಕಾಗಿ ಈ ಗುಡಿಯನ್ನು ಹೊಗಳುವವರು ಬಹಳ. ಮನೆ ಕಟ್ಟುವವರ ಕಣ್ಣಿನಿಂದ ನೋಡಿದರೆ ಅದರ ಸರಳ ಲೆಕ್ಕವೇ ಹೆಚ್ಚು ಮುಖ್ಯ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆಗಲ್ಲು, ತೊಲೆಗಲ್ಲಿನ ಮೇಲೆ ಚಪ್ಪಡಿ. ಚಪ್ಪಡಿ ಎಷ್ಟು ಉದ್ದ ಸಿಗುತ್ತದೋ ಅಂಕಣ ಅಷ್ಟು ಅಗಲ. ಇದೇ ಲೆಕ್ಕ ರೈತನ ಕಲ್ಲುಮನೆಗೂ ಇಳಿಯಿತು. ಕೋಣೆ ಕಿರಿದಾಗಿರುವುದು, ನಡುವೆ ಕಂಬ ಬರುವುದು ಬಡತನದ ಗುರುತಲ್ಲ. ಕಲ್ಲು ಎಷ್ಟು ಭಾರ ತಾಳೀತು ಎಂಬ ತಿಳಿವಳಿಕೆಯ ಗುರುತು.

ಆ ಚಪ್ಪಡಿಯನ್ನು ಬಂಡೆಯಿಂದ ಎಬ್ಬಿಸುವ ಕ್ರಮವೇ ಒಂದು ವಿದ್ಯೆ. ಈ ಭಾಗದ ಬಂಡೆಗಳು ನೆಲಕ್ಕೆ ಸಮನಾಗಿ ಪದರ ಪದರವಾಗಿ ಸೀಳಬಲ್ಲವು. ಕಲ್ಲುಕುಟಿಗರು ಬಂಡೆಯ ಮೈಮೇಲೆ ಸೌದೆ ಹರಡಿ ಬೆಂಕಿ ಹಾಕುತ್ತಿದ್ದರು. ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆಯ ಕಲ್ಲಿನಿಂದ ಬಿಡಿಸಿಕೊಳ್ಳುತ್ತಿತ್ತು. ಬೆಂಕಿಯನ್ನು ನಿಧಾನವಾಗಿ ಮುಂದಕ್ಕೆ ಸರಿಸುತ್ತಾ, ಅದರ ಮುಂದೆ ಸುತ್ತಿಗೆಯಿಂದ ಬಡಿದು ನಾದ ಕೇಳುತ್ತಾ, ಬಿರುಕು ಎಲ್ಲಿಯವರೆಗೆ ಹರಿದಿದೆ ಎಂದು ಅವರು ಗುರುತಿಸುತ್ತಿದ್ದರು. ಬಿಟ್ಟುಕೊಂಡ ಹಲಗೆಯನ್ನು ಆಮೇಲೆ ಉಳಿಯಿಂದ ಕುಳಿ ಸಾಲು ತೋಡಿ, ಬೇಕಾದ ಅಗಲಕ್ಕೆ ಸೀಳುತ್ತಿದ್ದರು. ಬೆಂಗಳೂರಿನ ಆಸುಪಾಸಿನ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯ ಓದುಗರಿಗೂ ಪರಿಚಯವಾಯಿತು. ಕಿವಿಯಿಂದ ಕಲ್ಲನ್ನು ಓದುವ ಈ ಅರಿವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಬೋವಿ ಸಮುದಾಯದವರು ಮುಖ್ಯರು. ಕೆರೆ ಕಟ್ಟೆಗಳ ಮಣ್ಣಿನ ಕೆಲಸವೂ ಬಹುಪಾಲು ಅವರದೇ. ದೇವಾಲಯ ಕಟ್ಟಿಸಿದ ದೊರೆಗಳ ಹೆಸರು ಶಾಸನದಲ್ಲಿ ಉಳಿಯಿತು. ಕಲ್ಲೆಬ್ಬಿಸಿದವರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಈ ಸೀಮೆಯ ಕಟ್ಟೋಣದ ಚರಿತ್ರೆ ಬರೆಯುವ ಯಾರೇ ಆದರೂ ಈ ಕೊರತೆಯನ್ನು ಮೊದಲು ಒಪ್ಪಿಕೊಳ್ಳಬೇಕು.

ಮಣ್ಣಿನ ಗೋಡೆಗೆ ಕಲ್ಲಿನಷ್ಟು ಮರ್ಯಾದೆ ಸಿಗಲಿಲ್ಲ, ಆದರೆ ಹೆಚ್ಚು ಜನ ಬಾಳಿದ್ದು ಅದರ ಆಶ್ರಯದಲ್ಲಿ. ಕೆಂಪು ಮಣ್ಣಿಗೆ ಹುಲ್ಲಿನ ಚೂರು ಸೇರಿಸಿ, ನೀರು ಹಾಯಿಸಿ, ಕಾಲಿನಿಂದ ತುಳಿದು, ಕಳಿಯಲು ಬಿಡುತ್ತಿದ್ದರು. ಕಳಿತ ಮಣ್ಣನ್ನು ಉಂಡೆ ಉಂಡೆಯಾಗಿ ಎತ್ತಿಕೊಟ್ಟರೆ, ಗೋಡೆ ಹಾಕುವವರು ಅದನ್ನು ಸುಮಾರು ಒಂದು ಮೊಳದಷ್ಟು ಎತ್ತರಕ್ಕೆ ಒಂದು ವರಸೆ ಏರಿಸಿ ನಿಲ್ಲಿಸುತ್ತಿದ್ದರು. ಆ ವರಸೆ ಒಣಗಿ ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಕೈ ಹಾಕುವಂತಿರಲಿಲ್ಲ. ಹೀಗಾಗಿ ಮನೆ ಕಟ್ಟುವುದು ಸುಗ್ಗಿ ಮುಗಿದು ಮಳೆ ಬರುವ ಮುಂಚಿನ ಬೇಸಿಗೆಯ ಕೆಲಸವಾಯಿತು. ನೆಲಮಟ್ಟದಿಂದ ಒಂದಷ್ಟು ಎತ್ತರಕ್ಕೆ ಕಲ್ಲು ಕಟ್ಟಿ, ಮೇಲೆ ಸೂರು ಮುಂಚಾಚಿದರೆ, ಒಂದೂವರೆ ಎರಡು ಅಡಿ ದಪ್ಪದ ಗೋಡೆ ತಲೆಮಾರುಗಟ್ಟಲೆ ನಿಲ್ಲುತ್ತಿತ್ತು. ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಹೆಂಗಸರು ಗೋಡೆ ಸಾರಿಸಿ ಸುಣ್ಣ, ಕೆಮ್ಮಣ್ಣು ಬಳಿಯುವುದು ಅಂದಕ್ಕೆ ಮಾತ್ರವಲ್ಲ. ಹಿಂದಿನ ಮಳೆಗಾಲ ಮಾಡಿದ ಗಾಯವೆಲ್ಲ ಆ ಕೈಯಲ್ಲೇ ಮುಚ್ಚುತ್ತಿತ್ತು.

ಮಾಳಿಗೆಯ, ಅಂದರೆ ಮಟ್ಟಸವಾದ ಮಣ್ಣಿನ ಚಾವಣಿಯ ಕೆಲಸ ಇನ್ನೂ ಸೂಕ್ಷ್ಮ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಡ್ಡಿ ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ತೆಳುವಾದ ಪದರ. ಬೆಳೆಗೆ ಶತ್ರುವಾದ ಚೌಳು ಮಣ್ಣನ್ನು ಚಾವಣಿಗೆ ಹಾಕುವುದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಸೋಡಿಯಂ ಹೆಚ್ಚಿರುವ ಆ ಮಣ್ಣು ಮೊದಲ ಮಳೆ ಬಿದ್ದೊಡನೆ ಉಬ್ಬಿ, ಕಣ ಕಣ ಹರಡಿ, ರಂಧ್ರಗಳನ್ನು ಮುಚ್ಚಿಬಿಡುತ್ತದೆ, ನೀರು ಕೆಳಗಿಳಿಯುವುದಿಲ್ಲ. ಮಣ್ಣಿನ ವಿಜ್ಞಾನ ಈ ಗುಣಕ್ಕೆ ಕಾರಣ ಹೇಳಿದ್ದು ಬಹಳ ತಡವಾಗಿ. ಹಳ್ಳಿಯವರು ಅದನ್ನು ನೋಡಿ ಕಂಡುಕೊಂಡಿದ್ದರು, ಮಕ್ಕಳಿಗೂ ಕಲಿಸಿದ್ದರು. ಸಂಶೋಧನೆ ಎನ್ನಲು ಪ್ರಯೋಗಶಾಲೆಯ ಮುದ್ರೆಯೇ ಬೇಕೆಂದು ಹಟ ಹಿಡಿಯದಿದ್ದರೆ, ಇದೂ ಸಂಶೋಧನೆಯೇ.

ಮಣ್ಣು ಮನೆಗಷ್ಟೇ ಮೀಸಲಾಗಿರಲಿಲ್ಲ. ಆವತಿಯ ಪಾಳೆಯಗಾರರ ಮನೆತನ ಚಿಕ್ಕಬಳ್ಳಾಪುರದ ಕೋಟೆ ಕಟ್ಟಿತು. 1762ರಲ್ಲಿ ಅದು ಹೈದರ್ ಅಲಿಯ ವಶವಾಯಿತು. ದೊಡ್ಡ ಕೋಟೆ ಇರಲಿ, ಮೈಸೂರು ಸೀಮೆಯ ಸಣ್ಣ ಊರುಗಳೂ ದಂಡು ದಾಳಿಗಳ ಭಯಕ್ಕೆ ಮಣ್ಣಿನ ಗೋಡೆ ಸುತ್ತಿಕೊಂಡಿದ್ದವು. 1800ರಲ್ಲಿ ಕೋಲಾರದಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬೇಸಾಯ, ಕೈಕಸುಬುಗಳನ್ನು ಬರೆದಿಟ್ಟ. ಚಿಕ್ಕಬಳ್ಳಾಪುರದ ಸಕ್ಕರೆ, ಕಲ್ಲುಸಕ್ಕರೆ ಆಗ ಹೆಸರಾಗಿದ್ದವು. ಊರಿಗೇ ಗೋಡೆ ಬೇಕಿದ್ದ ಕಾಲದಲ್ಲಿ ಮಣ್ಣು ಕೆಲಸ ಬಲ್ಲವರಿಗೆ ಬಿಡುವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದಾಳಿಗಳ ಭಯ ಹೋಯಿತು, ಊರಗೋಡೆಗಳು ಕರಗಿ ಹೊಲ ಸೇರಿದವು. ಮಾಳಿಗೆ ಮನೆಗಳು ಮಾತ್ರ ಉಳಿದವು.

ಈ ಮನೆಗಳಿಗೆ ಹೊಸ ಕೆಲಸ ಕೊಟ್ಟದ್ದು ರೇಷ್ಮೆ. ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಬಂಗಾಳದಿಂದ ಹುಳು ತರಿಸಿ ಮೈಸೂರಿನಲ್ಲಿ ಈ ಕಸುಬಿಗೆ ಬೇರು ಬಿಡಿಸಿದ. ಆಮೇಲಿನ ಕಾಲದಲ್ಲಿ ಅದು ಕೋಲಾರದ ಕಡೆಗೂ ಹಬ್ಬಿ, ಶಿಡ್ಲಘಟ್ಟ ಮತ್ತು ಚಿಂತಾಮಣಿಗಳಲ್ಲಿ ಬೇಸಾಯದ ಬೆನ್ನೆಲುಬಾಯಿತು. ಹಿಪ್ಪುನೇರಳೆ ಹೊಲದಲ್ಲಿ, ಹುಳು ಮನೆಯಲ್ಲಿ. ನಡುಮನೆಯಲ್ಲಿ ಅಂತಸ್ತು ಅಂತಸ್ತಾಗಿ ಬಿದಿರಿನ ತಟ್ಟೆಗಳು. ಇರುವೆ ಹತ್ತದಂತೆ ಅಟ್ಟಣಿಗೆಯ ಕಾಲುಗಳ ಕೆಳಗೆ ನೀರಿನ ಬಟ್ಟಲು. ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ, ಹೆಚ್ಚುಕಡಿಮೆ ನಾಲ್ಕು ವಾರ, ಮನೆಯವರು ಮೂಲೆಗೆ ಸರಿದು ಹುಳುವಿಗೆ ನಡುವಿನ ಜಾಗ ಬಿಡುತ್ತಿದ್ದರು. ಆ ದಿನಗಳಲ್ಲಿ ಒಗ್ಗರಣೆಯ ಘಾಟು, ತಂಬಾಕಿನ ಹೊಗೆ, ಹೊರಗಿನವರ ಓಡಾಟ ಎಲ್ಲಕ್ಕೂ ತಡೆ.

ಹುಳು ಬಲು ನಾಜೂಕು. ಎಳೆಯ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಬಿಸಿ ಮತ್ತು ಹೆಚ್ಚು ತೇವ ಬೇಕು; ಬೆಳೆದ ಹುಳುವಿಗೆ 24, 25 ಡಿಗ್ರಿ ಮತ್ತು ಕಡಿಮೆ ತೇವ. ದಪ್ಪ ಮಣ್ಣುಗೋಡೆಯ, ಮಾಳಿಗೆಯ ಮನೆ ಹಗಲಿನ ಬಿಸಿಲನ್ನು ತಡೆದು, ರಾತ್ರಿಯ ಚಳಿಯನ್ನು ಹದಗೊಳಿಸುತ್ತಿದ್ದರಿಂದ ಈ ಬೇಡಿಕೆಗೆ ಬಹುಮಟ್ಟಿಗೆ ಒದಗಿತು. ಕೊರತೆಗಳೂ ಇದ್ದವು. ಗವಾಕ್ಷಿಯೊಂದೇ ಬೆಳಕಿನ ದಾರಿಯಾದ ಕೋಣೆಯಲ್ಲಿ ಗಾಳಿ ಆಡುತ್ತಿರಲಿಲ್ಲ. ಮಣ್ಣಿನ ನೆಲ, ಗೋಡೆಗಳಲ್ಲಿ ರೋಗದ ಕಣಗಳು ಉಳಿದು ಮುಂದಿನ ಬೆಳೆಗೂ ಅಂಟುತ್ತಿದ್ದವು. ಮಣ್ಣಿನ ಮನೆಯನ್ನು ಹಾಡಿ ಹೊಗಳುವವರು ಮರೆಯಬಾರದ ಸಂಗತಿ ಇದು. ಒಂದು ಬೆಳೆ ರೋಗಕ್ಕೆ ತುತ್ತಾದರೆ ಮನೆಯವರು ಸಾಲಕ್ಕೆ ಬೀಳುತ್ತಿದ್ದರು.

ಈ ಕೊರತೆಗಳನ್ನು ಸಂಶೋಧನೆ ಒಂದೊಂದಾಗಿ ಹಿಡಿದುಕೊಂಡಿತು. ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆ 1913ರ ಹೊತ್ತಿಗೆ ಶುರುವಾಯಿತು. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಬಂದವು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದ ತಿನ್ನುವ ಈ ನೊಣದ ಕಾಟಕ್ಕೆ ಕಿಟಕಿ ಬಾಗಿಲುಗಳಿಗೆಲ್ಲ ಬಲೆ ಬಂತು. ಬಾಗಿಲಿಗೆ ಮುಂಚೆ ಇನ್ನೊಂದು ಸಣ್ಣ ಕೋಣೆ ಬಿಡುವುದು ರೂಢಿಯಾಯಿತು. 1990ರ ದಶಕದಲ್ಲಿ ಜಪಾನಿನ ನೆರವಿನಿಂದ ದ್ವಿತಳಿ ಹುಳು ಹಬ್ಬಿದಾಗ ಹಳೆಯ ನಡುಮನೆ ಸಾಲದಾಯಿತು. ಅದರ ಜೊತೆಗೆ ಬಂದ, ಸೊಪ್ಪನ್ನು ಕೊಯ್ದು ಹಾಕುವ ಬದಲು ರೆಂಬೆಯನ್ನೇ ಹಾಸುವ ಪದ್ಧತಿಗೆ ಉದ್ದನೆಯ ಅಟ್ಟಣಿಗೆ, ಆಚೀಚೆ ಓಡಾಡುವ ಜಾಗ, ಮೇಲೂ ಕೆಳಗೂ ಗಾಳಿಕಿಂಡಿ, ತೊಳೆಯಬಹುದಾದ ನೆಲ ಬೇಕಿತ್ತು. ಸರಕಾರದ ಸಹಾಯಧನದೊಡನೆ ಪ್ರತ್ಯೇಕ ಸಾಕಾಣಿಕೆ ಮನೆಗಳು ತೋಟದ ಪಕ್ಕದಲ್ಲಿ ಎದ್ದವು. ನೂರು ವರ್ಷ ಹುಳುವಿನೊಡನೆ ಮಲಗೆದ್ದ ಸಂಸಾರಕ್ಕೆ ತನ್ನ ನಡುಮನೆ ಮರಳಿ ಸಿಕ್ಕಿತು. ಈ ಸೀಮೆಯಲ್ಲಿ ಪ್ರಯೋಗಶಾಲೆ, ತರಬೇತಿ, ರೈತನ ಅನುಭವ ಮೂರೂ ಕೂಡಿ ರೂಪಿಸಿದ ಮೊದಲ ಕಟ್ಟಡದ ಬಗೆ ಎಂದರೆ ಇದನ್ನೇ ಹೇಳಬೇಕು. ವಾಸ್ತುಶಿಲ್ಪದ ಪುಸ್ತಕಗಳು ಇದನ್ನು ಗಮನಿಸದಿರುವುದು ಖೇದದ ಸಂಗತಿ.

ಇತ್ತ ಕಟ್ಟಡದ ಶಾಸ್ತ್ರ ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದಲ್ಲೇ ಮೊದಲ ಪಾಠ ಕಲಿತ ಎಂ. ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ದಿವಾನರಾಗಿದ್ದರು. ಅವರ ಕಾಲದಲ್ಲೇ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಕಟ್ಟುವ ವಿದ್ಯೆ ಹೀಗೆ ತರಗತಿಯೊಳಗೆ ಬಂತು. ಅದರಿಂದ ಅಣೆಕಟ್ಟು, ಸೇತುವೆ, ಕಾರ್ಖಾನೆಗಳು ಎದ್ದವು. ನಾಡಿಗೆ ಅವುಗಳಿಂದಾದ ಲಾಭ ದೊಡ್ಡದು. ಆದರೆ ಮಣ್ಣಿನ ಗೋಡೆ, ಚೌಳಿನ ಮಾಳಿಗೆ ಪಠ್ಯದ ಹೊರಗೇ ಉಳಿದವು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಸುಟ್ಟ ಇಟ್ಟಿಗೆ, ಸಿಮೆಂಟು ಬಂದವು. 1865ರಿಂದ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮಾಡತೊಡಗಿದ ಹೆಂಚು ಬಯಲುಸೀಮೆಗೂ ತಲುಪಿತು. ನೆರೆಯ ಮಾಲೂರು ಇಟ್ಟಿಗೆ, ಹೆಂಚುಗಳ ಊರಾಯಿತು. ಮಾಳಿಗೆ ಹಾಕಬಲ್ಲ ಮೇಸ್ತ್ರಿಗೆ ಕೆಲಸ ಕಡಿಮೆಯಾದ ಹಾಗೆ ಅವನಿಂದ ಕಲಿಯುವವರೂ ಕಡಿಮೆಯಾದರು.

ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಒಬ್ಬ ವಾಸ್ತುಶಿಲ್ಪಿ ತರಗತಿಯ ವಿದ್ಯೆಗೂ ನೆಲದ ಅರಿವಿಗೂ ನಡುವಿನ ಈ ಬಿರುಕನ್ನು ಗುರುತಿಸಿದ. ಹಿಟ್ಲರನ ಜರ್ಮನಿಯನ್ನು ಬಿಟ್ಟುಬಂದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರಿನ ಸರಕಾರಿ ವಾಸ್ತುಶಿಲ್ಪಿಯಾದ. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವನ ಕೆಲಸ. ಬಿಸಿಲು, ಗಾಳಿ, ಮಳೆಗಳ ಲೆಕ್ಕದಿಂದ ಕಟ್ಟಡವನ್ನು ಯೋಚಿಸುವುದು ಅವನ ರೀತಿ. 1948ರಲ್ಲಿ ಅವನು ಕೇಂದ್ರ ಸರಕಾರದ ವಸತಿ ನಿರ್ದೇಶಕನಾಗಿ ದೆಹಲಿಗೆ ಹೋದ; 1950ರ ದಶಕದಲ್ಲಿ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ವಿಭಾಗವನ್ನು ನಡೆಸಿದ. 1970ರ ದಶಕದಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಉಷ್ಣವಲಯದ ವಸತಿಯ ಕೈಪಿಡಿ ಅನೇಕ ದೇಶಗಳಲ್ಲಿ ಪಠ್ಯವಾಯಿತು. ಕಟ್ಟುವುದು, ಹುಡುಕುವುದು, ಕಲಿಸುವುದು ಮೂರನ್ನೂ ಹೊತ್ತ ವೃತ್ತಿಜೀವನಕ್ಕೆ ಕರ್ನಾಟಕದಲ್ಲಿ ಸಿಗುವ ಮೊದಲ ಸ್ಪಷ್ಟ ಉದಾಹರಣೆ ಅವನದು. ಅವನ ಪಾಠಶಾಲೆ ಮಾತ್ರ ಹಳ್ಳಿಯಿಂದ ದೂರವಿತ್ತು.

ಆ ದೂರವನ್ನು ಕಡಿಮೆ ಮಾಡಿದ್ದು ‘ಅಸ್ತ್ರ’. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕುಮಾರ್ ಎನ್. ರೆಡ್ಡಿ ಮತ್ತು ಸಹೋದ್ಯೋಗಿಗಳು, ಹಳ್ಳಿಗೆ ಒದಗುವ ವಿಜ್ಞಾನ ಬೇಕೆಂದು ಈ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ನಿಂತಿತು. ಸೌದೆ ಉಳಿಸುವ ಅಸ್ತ್ರ ಒಲೆ ಮನೆಮಾತಾದದ್ದು ಇಲ್ಲಿಂದಲೇ. ಕಟ್ಟಡದ ಕೆಲಸವನ್ನು ಮುನ್ನಡೆಸಿದ ಕೆ.ಎಸ್. ಜಗದೀಶ್ ಸಿವಿಲ್ ಎಂಜಿನಿಯರು, ಮೇಷ್ಟ್ರು. ಅವರೂ ಅವರ ಬಳಗವೂ ಎತ್ತಿಕೊಂಡ ಪ್ರಶ್ನೆ ಹಳ್ಳಿಯ ಪ್ರಶ್ನೆಯೇ: ಮಣ್ಣಿನ ಗೋಡೆ ನೀರಿಗೆ ಕರಗದಂತೆ ಮಾಡುವುದು ಹೇಗೆ?

ಉತ್ತರ ಸರಳವಾಗಿ ಕಾಣುತ್ತದೆ, ಹಾದಿ ಸರಳವಾಗಿರಲಿಲ್ಲ. ಜೇಡಿ ಹೆಚ್ಚಿದ್ದರೆ ಒಣಗಿದಾಗ ಬಿರುಕು. ಜೇಡಿ ತೀರ ಕಡಿಮೆಯಾದರೆ ಅಚ್ಚಿನಿಂದ ತೆಗೆಯುವಾಗಲೇ ಪುಡಿ. ಆದ್ದರಿಂದ ಮಣ್ಣಿಗೆ ಮರಳು ಬೆರೆಸಿ ಹದ ತರಬೇಕು, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಸೇರಿಸಬೇಕು, ತಕ್ಕಷ್ಟೇ ನೀರು ಚಿಮುಕಿಸಿ ಕೈಯಂತ್ರದಲ್ಲಿ ಬಲವಾಗಿ ಒತ್ತಬೇಕು, ಆಮೇಲೆ ಕೆಲವು ವಾರ ತೇವದಲ್ಲಿಟ್ಟು ಕ್ಯೂರಿಂಗ್ ಮಾಡಬೇಕು. ಅದಕ್ಕೆಂದೇ ರೂಪಿಸಿದ ಯಂತ್ರಕ್ಕೆ ‘ಅಸ್ತ್ರಂ’ ಎಂದು ಹೆಸರಾಯಿತು. ಗೂಡಿಲ್ಲ, ಸೌದೆಯಿಲ್ಲ. ದಕ್ಷಿಣ ಕರ್ನಾಟಕದ ಕೆಂಪು ಮಣ್ಣಿನ ಜೇಡಿ ಹೆಚ್ಚು ಉಬ್ಬುವ ಜಾತಿಯದಲ್ಲ. ಎರೆ ಮಣ್ಣಿಗಿಂತ ಅದು ಈ ಕೆಲಸಕ್ಕೆ ಚೆನ್ನಾಗಿ ಒದಗಿತು. ಅಂದರೆ ಗೌರಿಬಿದನೂರಿನ, ಚಿಂತಾಮಣಿಯ ಅಜ್ಜಂದಿರು ಆಯ್ದ ಕೆಂಪು ಮಣ್ಣೇ ಪ್ರಯೋಗಶಾಲೆಯ ಪರೀಕ್ಷೆಯಲ್ಲೂ ಗೆದ್ದಿತು. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಟ್ಟ ಇಟ್ಟಿಗೆಗೆ ತಗಲುವ ಇಂಧನಶಕ್ತಿಯ ಸುಮಾರು ಕಾಲುಪಾಲಿನಲ್ಲಿ ಅಷ್ಟೇ ಗಾತ್ರದ ಇಂಥ ಮಣ್ಣಿನ ಇಟ್ಟಿಗೆ ತಯಾರಾಗುತ್ತದೆ.

ಈ ಕೆಲಸದ ನಿಜವಾದ ಹಿರಿಮೆ ಯಂತ್ರದಲ್ಲಿಲ್ಲ, ಕಲಿಸಿದ ಬಗೆಯಲ್ಲಿದೆ. ಗಾಜಿನ ಸೀಸೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ನಿಲ್ಲಿಸಿದರೆ ಮರಳು ಮೊದಲು ತಳ ಸೇರುತ್ತದೆ, ಜೇಡಿ ಕೊನೆಗೆ. ಪದರಗಳನ್ನು ನೋಡಿ ಯಾವ ಮೇಸ್ತ್ರಿಯಾದರೂ ಮಣ್ಣಿನ ಗುಣ ಹೇಳಬಹುದು. ಪರೀಕ್ಷೆ ಹೀಗೆ ಕೆಲಸದ ಜಾಗಕ್ಕೇ ಬಂತು. ಗಾರೆ ಕೆಲಸದವರಿಗೆ, ಎಂಜಿನಿಯರುಗಳಿಗೆ, ವಾಸ್ತುಶಿಲ್ಪಿಗಳಿಗೆ ತರಬೇತಿ ನಡೆಯಿತು. ಕೇರಳದಲ್ಲಿ ಲಾರಿ ಬೇಕರ್ ಇದೇ ಮನೋಧರ್ಮದಿಂದ ಕಟ್ಟುತ್ತಿದ್ದರು. ಅಲ್ಲಿನ ಕೊಲ್ಲಂನಲ್ಲಿ 1980ರ ದಶಕದಲ್ಲಿ ಹುಟ್ಟಿದ ನಿರ್ಮಿತಿ ಕೇಂದ್ರದ ಮಾದರಿ ಕರ್ನಾಟಕದ ಜಿಲ್ಲೆಗಳಿಗೂ ಬಂತು. ಬೆಂಗಳೂರಿನ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ 1990ರ ದಶಕದಿಂದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟುತ್ತಾ ಬಂದಿದ್ದಾರೆ. ವಿದ್ಯಾರಣ್ಯಪುರದ ಅವರ ಸ್ವಂತ ಮನೆಗೆ ನಿವೇಶನದಲ್ಲೇ ಅಗೆದ ಮಣ್ಣು ಗೋಡೆಯಾಯಿತು. ಚಾವಣಿಯ ಮಳೆನೀರು ಮನೆಯ ಬಳಕೆಗೆ ಒದಗಿತು. ನೀರಿನ ತಜ್ಞ ಎಸ್. ವಿಶ್ವನಾಥ್ ಜೊತೆಗೂಡಿ ನಡೆಯುವ ಬಯೋಮ್ ಸಂಸ್ಥೆಯಲ್ಲಿ ಮನೆ ಕಟ್ಟುವುದು, ಬಾವಿ ಕೆರೆಗಳ ಅಧ್ಯಯನ, ಎಳೆಯರಿಗೆ ಕಲಿಸುವುದು ಒಂದೇ ಕೆಲಸದ ಭಾಗಗಳಾಗಿವೆ. ಅಂತರ್ಜಲ ಪಾತಾಳಕ್ಕಿಳಿದ ಚಿಕ್ಕಬಳ್ಳಾಪುರದಂಥ ಜಿಲ್ಲೆಗೆ ಅತಿ ಹೆಚ್ಚು ಬೇಕಾದ ಜೋಡಣೆ ಇದೇ.

ಆದರೂ ಹಳ್ಳಿಗಳಲ್ಲಿ ಗೆದ್ದದ್ದು ಸಿಮೆಂಟು. 1970ರ ದಶಕದ ಜನತಾ ಮನೆಗಳಿಂದ ಹಿಡಿದು ಆಶ್ರಯ, ಇಂದಿರಾ ಆವಾಸ್, ಬಸವ ವಸತಿ ಯೋಜನೆಗಳವರೆಗೆ ಸರಕಾರಿ ನೆರವು ಲಕ್ಷಾಂತರ ಬಡವರಿಗೆ ಸೂರು ಕೊಟ್ಟಿತು. ಗುಡಿಸಲಿನಲ್ಲಿ ನೆನೆಯುತ್ತಿದ್ದವರಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಕಂತು ಬಿಡುಗಡೆಯಾಗುವುದು ತಳಪಾಯ, ಗೋಡೆ, ಚಾವಣಿ ಎಂದು ಹಂತ ಹಂತವಾಗಿ. ಬೇಗ ಮುಗಿಯುವ, ‘ಪಕ್ಕಾ’ ಎನಿಸಿಕೊಳ್ಳುವ ಸಾಮಗ್ರಿಯೇ ಎಲ್ಲರ ಆಯ್ಕೆಯಾಯಿತು. ತೆಳು ಗೋಡೆಯ, ಆರ್‌ಸಿಸಿ ಚಾವಣಿಯ ಮನೆ ಬೇಸಿಗೆಯಲ್ಲಿ ಕಾದು ಕೆಂಡವಾಗುತ್ತದೆ. ಅದಕ್ಕೆ ಬೇಕಾದ ಮರಳಿಗಾಗಿ ಉತ್ತರ ಪಿನಾಕಿನಿಯ ಪಾತ್ರ ಬರಿದಾಯಿತು. ಮರಳು ಸಿಗದಾದಾಗ ಹೊಲ, ಕೆರೆಯಂಗಳದ ಮಣ್ಣನ್ನೇ ನೀರಿನಲ್ಲಿ ತೊಳೆದು ‘ಫಿಲ್ಟರ್ ಮರಳು’ ತೆಗೆಯುವ ಅಕ್ರಮ ದಂಧೆ ಈ ಭಾಗದಲ್ಲಿ ಹಬ್ಬಿತು. ಗೋಡೆಯಾಗಬಲ್ಲ ಮಣ್ಣನ್ನು, ಕುಡಿಯಬಲ್ಲ ನೀರಿನಲ್ಲಿ ತೊಳೆದು, ಅದರ ಜೇಡಿಯನ್ನೆಲ್ಲ ಚೆಲ್ಲಿ ಮರಳು ಮಾಡುವ ಈ ಕೆಲಸಕ್ಕಿಂತ ದೊಡ್ಡ ನಷ್ಟವನ್ನು ಈ ಸೀಮೆಯ ಕಟ್ಟೋಣ ಕಂಡಿಲ್ಲ. ಬಂಡೆಯ ಕಥೆಯೂ ಬದಲಾಯಿತು. ಬೆಂಕಿ ಹಾಕಿ, ನಾದ ಕೇಳಿ ಚಪ್ಪಡಿ ಎಬ್ಬಿಸುತ್ತಿದ್ದ ಜಾಗಗಳಿಗೆ ಜಿಲೆಟಿನ್ ಬಂತು, ಕ್ರಷರ್ ಬಂತು. 2021ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು.

ಪಠ್ಯದ ಕಡೆಯಿಂದ ಒಂದು ಬದಲಾವಣೆ ಆಗಿದೆ. ಜಗದೀಶ್, ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ನಂಜುಂಡ ರಾವ್ ಕೂಡಿ ಬರೆದ, ಪರ್ಯಾಯ ಕಟ್ಟಡ ಸಾಮಗ್ರಿಗಳನ್ನು ಕುರಿತ ಪಠ್ಯಪುಸ್ತಕ 2007ರಲ್ಲಿ ಹೊರಬಂತು. ಮುದ್ದೇನಹಳ್ಳಿಯ ಮಗನ ಹೆಸರನ್ನೇ ಹೊತ್ತ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿವಿಲ್ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಐಚ್ಛಿಕವಾಗಿ ಇಟ್ಟಿತು. ಅದರ ಸ್ನಾತಕೋತ್ತರ ಕೇಂದ್ರವೊಂದು ಮುದ್ದೇನಹಳ್ಳಿಯಲ್ಲೇ ಇದೆ. ಮಣ್ಣಿನ ಇಟ್ಟಿಗೆಗೆ ಭಾರತೀಯ ಮಾನಕ ಐಎಸ್ 1725 ಇದ್ದು, 2013ರಲ್ಲಿ ಪರಿಷ್ಕರಣೆಗೊಂಡಿದೆ. ಸರಕಾರಿ ಕಾಮಗಾರಿಯಲ್ಲೂ ಅದನ್ನು ಬಳಸಲು ನಿಯಮದ ಅಡ್ಡಿ ಇಲ್ಲ. ಚೌಳು ಮಾಳಿಗೆ ಹಾಕಬಲ್ಲ, ಬಂಡೆಯ ನಾದ ಹಿಡಿಯಬಲ್ಲ ಹಿರಿಯರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಸಿಗುತ್ತಾರೆ. ಅವರ ಕೈಕೆಲಸವನ್ನು ದಾಖಲಿಸಿ, ಅಳೆದು, ಅವರ ಬಳಿಯೇ ವಿದ್ಯಾರ್ಥಿಗಳನ್ನು ಕಲಿಯಲು ಕಳಿಸುವ ಕೆಲಸ ಜಿಲ್ಲೆಯ ಕಾಲೇಜುಗಳಿಗೂ ವಾಸ್ತುಶಿಲ್ಪಿಗಳಿಗೂ ಬಾಕಿಯಿದೆ.